ಚೀನಾ ಹಡಗು ನೀರು ಹಾರಿಸುತ್ತದೆ, ಗುಂಡು ಯಾಕೆ ಹಾರಿಸುವುದಿಲ್ಲ?

ಕೇರಳದ ಗಡಿಯ ಮಂಜೇಶ್ವರದಿಂದ ನೀವು ಎರಡು ವಿಷಯ ಕೇಳಿದ್ದೀರಿ: ದಕ್ಷಿಣ ಚೀನಾ ಸಮುದ್ರದಲ್ಲಿ ಫಿಲಿಪ್ಪೀನ್ಸಿನ ಬೋಟಿಗೆ ಚೀನಾ ಬರೀ ನೀರು ಹಾರಿಸುವುದೇಕೆ, ಮತ್ತು ನಮ್ಮ ಕಡಲಲ್ಲಿ ಕರ್ನಾಟಕದ ಟ್ರಾಲ್ ಬೋಟಿನ ಜೊತೆ ಆಗುವ ಗಲಾಟೆಯೂ ಇಂಥದ್ದೇ ಅಲ್ಲವೇ.

ಗುಂಡು ಹಾರಿದರೆ ಅದು ಸಶಸ್ತ್ರ ದಾಳಿ. ಫಿಲಿಪ್ಪೀನ್ಸಿಗೆ 1951ರಿಂದಲೂ ಅಮೆರಿಕದೊಡನೆ ರಕ್ಷಣಾ ಒಪ್ಪಂದವಿದೆ, ಸಶಸ್ತ್ರ ದಾಳಿಯಾದರೆ ಅಮೆರಿಕವೂ ಇಳಿಯಬೇಕಾಗಬಹುದು. ಆ ಗೆರೆ ದಾಟದೆ ಎದುರಿನವರ ಕೆಲಸ ನಿಲ್ಲಿಸಬೇಕು ಎಂಬುದೇ ಲೆಕ್ಕ. ಹಾಗಾಗಿ ಎದುರಿಗೆ ಬರುವುದು ಹೆಚ್ಚಾಗಿ ಚೀನಾದ ಕೋಸ್ಟ್ ಗಾರ್ಡ್ ಮತ್ತು ಮೀನುಗಾರಿಕೆ ಬೋಟಿನಲ್ಲಿರುವ ಮಿಲಿಷಿಯಾ, ಅಂದರೆ ಸರ್ಕಾರ ಹೇಳಿದಂತೆ ನಡೆಯುವ ಅರೆಸೈನಿಕ ಪಡೆ. ಸೆಕೆಂಡ್ ಥಾಮಸ್ ಶೋಲ್ ಎಂಬ ದಿಬ್ಬದ ಮೇಲೆ ಫಿಲಿಪ್ಪೀನ್ಸ್ 1999ರಲ್ಲಿ ಸಿಯೆರಾ ಮಾದ್ರೆ ಎಂಬ ಹಳೆಯ ಹಡಗನ್ನು ಬೇಕೆಂದೇ ಹತ್ತಿಸಿ ನಿಲ್ಲಿಸಿತು. ಅದು ತುಕ್ಕು ಹಿಡಿಯುತ್ತಿದೆ. ಅಲ್ಲಿರುವ ಸೈನಿಕರಿಗೆ ಅಕ್ಕಿ, ನೀರು, ರಿಪೇರಿ ಸಾಮಾನು ತಲುಪದಿದ್ದರೆ ಸಾಕು, ಹಡಗು ತಾನಾಗಿ ಮುರಿದು ಬೀಳುತ್ತದೆ. ಆದರೆ "ಬರೀ ನೀರು" ಎನ್ನಬೇಡಿ. 2024ರ ಮಾರ್ಚ್ 5ರಂದು ನೀರಿನ ಹೊಡೆತಕ್ಕೆ ಸಾಮಾನು ಬೋಟಿನ ಮುಂಗಾಜು ಒಡೆದು ನಾಲ್ವರಿಗೆ ಗಾಯವಾಯಿತು. ಅದೇ ವರ್ಷ ಜೂನ್ 17ರಂದು ಚೀನಾದವರು ಕೊಡಲಿ, ಚೂರಿ ಹಿಡಿದು ಬಂದರು. ಒಬ್ಬ ಫಿಲಿಪ್ಪೀನ್ಸ್ ನಾವಿಕ ಹೆಬ್ಬೆರಳು ಕಳೆದುಕೊಂಡ. 2016ರ ಜುಲೈ 12ರಂದೇ ಹೇಗ್‌ನ ನ್ಯಾಯಮಂಡಳಿ ನಕ್ಷೆಯಲ್ಲಿ ಒಂಬತ್ತು ಗೆರೆ ಎಳೆದು ಆ ಸಮುದ್ರದ ಬಹುಪಾಲು ತನ್ನದೆನ್ನುವ ಚೀನಾದ ಹಕ್ಕಿಗೆ ಕಾನೂನಿನ ಆಧಾರವಿಲ್ಲ ಎಂದಿತ್ತು. ತೀರ್ಪನ್ನು ಜಾರಿ ಮಾಡಿಸುವವರು ಇಲ್ಲ.

ಇಂಥ ತಡೆಯಲ್ಲಿ ಟ್ರಾಲ್ ಬೋಟಿನವರಿಗೆ ಸುಲಭವಾಗಿ ಅರ್ಥವಾಗುವುದು ಐಸ್‌ಲ್ಯಾಂಡ್ ಮಾಡಿದ್ದು. 1972ರಲ್ಲಿ ಅದು ತನ್ನ ಮೀನುಗಾರಿಕೆಯ ಗಡಿಯನ್ನು 12ರಿಂದ 50 ನಾಟಿಕಲ್ ಮೈಲಿಗೆ ಏರಿಸಿತು. ಬ್ರಿಟನ್ ಒಪ್ಪಲಿಲ್ಲ. ಬಲೆ ಎಳೆಯುವಾಗ ಟ್ರಾಲರಿನ ಓಟ ಮೂರು ನಾಲ್ಕು ನಾಟ್ ಮಾತ್ರ. ಹಿಂದೆ ಎರಡು ಉಕ್ಕಿನ ರೋಪು, ಅವಕ್ಕೆ ಬಲೆಯ ಬಾಯಿ ತೆರೆದಿಡುವ ಬೋರ್ಡು, ಆಚೆ ಬಲೆ. ಒಮ್ಮೆಲೇ ತಿರುಗಿಸಿದರೆ ಬೋರ್ಡುಗಳು ಒಂದಕ್ಕೊಂದು ಸಿಕ್ಕಿಕೊಳ್ಳುತ್ತವೆ, ಆದ್ದರಿಂದ ತಪ್ಪಿಸಿಕೊಳ್ಳಲು ದಾರಿಯಿಲ್ಲ. ಐಸ್‌ಲ್ಯಾಂಡಿನ ಕಾವಲು ಹಡಗು ಒಳಅಂಚು ಹರಿತ ಮಾಡಿದ ಕೊಕ್ಕೆಗಳನ್ನು ತಂತಿಯಲ್ಲಿ ನೀರಿಗೆ ಬಿಟ್ಟು, ಟ್ರಾಲರಿನ ಹಿಂದೆ ಅಡ್ಡ ಹಾಯುತ್ತಿತ್ತು. ರೋಪು ಕೊಕ್ಕೆಯೊಳಗೆ ಜಾರುತ್ತದೆ, ಅದರ ಬಿಗಿಯೇ ಅದನ್ನು ಕಡಿಸುತ್ತದೆ. ಒಂದು ಕಡಿದರೆ ಬಲೆಯ ಬಾಯಿ ಮುಚ್ಚುತ್ತದೆ; ಎರಡೂ ಕಡಿದರೆ ಬೋರ್ಡು, ಬಲೆ, ಹಿಡಿದ ಮೀನು ಎಲ್ಲವೂ ತಳಕ್ಕೆ. ಇದನ್ನು ಅಪಾಯವಿಲ್ಲದ ಉಪಾಯ ಎಂದು ಬರೆಯುವವರಿದ್ದಾರೆ, ನಾನು ಒಪ್ಪುವುದಿಲ್ಲ. ಬಿಗಿದ ಉಕ್ಕಿನ ರೋಪು ಕಡಿದರೆ ಚಾಟಿಯಂತೆ ಡೆಕ್ಕಿಗೆ ಬಡಿಯುತ್ತದೆ, ವಿಂಚಿನ ಹತ್ತಿರ ನಿಂತ ಕಲಾಸಿಯ ಕಾಲು ಹೋಗಬಹುದು.

ಬ್ರಿಟನ್ ಫ್ರಿಗೇಟು ಎಂಬ ಯುದ್ಧನೌಕೆಗಳನ್ನು ಕಳಿಸಿತು. ಅವುಗಳ ಮೈ ತೆಳು ತಗಡು, ಢಿಕ್ಕಿಗೆ ಮಾಡಿದ್ದಲ್ಲ. ಗಟ್ಟಿ ಮೈಯ ಕಾವಲು ಹಡಗುಗಳ ಜೊತೆ ಉಜ್ಜಾಡಿ ಹಲವು ಜಖಂಗೊಂಡವು. 1975ರಲ್ಲಿ ಐಸ್‌ಲ್ಯಾಂಡ್ ಗಡಿಯನ್ನು 200 ಮೈಲಿಗೆ ಏರಿಸಿತು, ಮರುವರ್ಷ ಫೆಬ್ರವರಿಯಲ್ಲಿ ಬ್ರಿಟನ್ನಿನೊಂದಿಗೆ ರಾಜತಾಂತ್ರಿಕ ಸಂಬಂಧ ಕಡಿದುಕೊಂಡಿತು. ಎರಡೂ ದೇಶಗಳಿದ್ದ ನೇಟೋ ಸೈನಿಕ ಕೂಟವನ್ನು ಬಿಡುವ ಮಾತೂ ಎದ್ದಿತು. 1976ರ ಜೂನ್ 1ಕ್ಕೆ ಬ್ರಿಟನ್ ಬಗ್ಗಿತು. ಪೆಟ್ಟು ಬಿದ್ದದ್ದು ಸರ್ಕಾರಕ್ಕಲ್ಲ, ಬ್ರಿಟನ್ನಿನ ಹಲ್ ಮತ್ತು ಗ್ರಿಮ್ಸ್‌ಬಿ ಬಂದರುಗಳ ಮೀನುಗಾರರ ಮನೆಗಳಿಗೆ. ಆ ಜನರನ್ನು ಬಿಟ್ಟು ಈ ಕತೆ ಹೇಳುವುದು ಸರಿಯಲ್ಲ.

ಇನ್ನು ನಮ್ಮ ಕಡಲು. ಇಲ್ಲಿ ಎರಡೂ ಕಡೆಯವರು ಭಾರತದವರೇ, ನೀರಿನ ಒಡೆತನದ ತಕರಾರಿಲ್ಲ. ಬೇಸ್‌ಲೈನಿನಿಂದ (ಕರಾವಳಿಯಲ್ಲಿ ಅಳತೆ ಶುರುವಾಗುವ ಗೆರೆ) 12 ನಾಟಿಕಲ್ ಮೈಲಿ, ಅಂದರೆ ಸುಮಾರು 22 ಕಿಲೋಮೀಟರಿನವರೆಗೆ ರಾಜ್ಯದ ಮೀನುಗಾರಿಕೆ ಕಾನೂನು (ಕೇರಳದ್ದು 1980ರದು, ಕರ್ನಾಟಕದ್ದು 1986ರದು), ಅದರಾಚೆ ಕೇಂದ್ರದ್ದು. ಜಗಳ ಹುಟ್ಟುವುದು ನಿಯಮದ ವ್ಯತ್ಯಾಸದಿಂದಲೂ: ಮಳೆಗಾಲದ ನಿಷೇಧ ಕರ್ನಾಟಕದಲ್ಲಿ 61 ದಿನ, ಕೇರಳದ ಟ್ರಾಲಿಂಗ್ ನಿಷೇಧ 52 ದಿನ. ಎರಡೂ ಜುಲೈ 31ಕ್ಕೇ ಮುಗಿಯುವುದರಿಂದ, ಜೂನ್ ಮೊದಲ ವಾರ ಮಂಗಳೂರಿನ ಬೋಟು ದಕ್ಕೆಯಲ್ಲಿ ಕಟ್ಟಿರುವಾಗ ಕೇರಳದ ಬೋಟು ತನ್ನ ರಾಜ್ಯದ 12 ಮೈಲಿಯೊಳಗೆ ಬಲೆ ಎಳೆಯಬಹುದು. ಬೋಟು ಹಿಡಿದರೆ ದಂಡ, ಕೇಸು. ಅಲ್ಲಿ ಬೋಟು ನಡೆಸುವ ತಾಂಡೇಲರ ಬಾಯಿಮಾತು ನಡೆಯದು. ಬಲೆ ಬಿಟ್ಟ ಮತ್ತು ಎತ್ತಿದ ಜಾಗ, ಹೊತ್ತು ಇರುವ ಜಿಪಿಎಸ್ ಟ್ರ್ಯಾಕನ್ನು ಅಳಿಸದೆ ಇಟ್ಟುಕೊಳ್ಳಲು ನಿಮ್ಮ ಬೋಟಿನವರಿಗೆ ಹೇಳಿ. ಆವತ್ತು 12 ಮೈಲಿಯ ಒಳಗಿದ್ದರೋ ಹೊರಗಿದ್ದರೋ ಎಂಬುದು ಅದರಿಂದಲೇ ಗೊತ್ತಾಗುವುದು.