ಕೋಚ್‌ನ ತಲೆದಂಡ, ಆಟಗಾರನ ಕೆಟ್ಟ ಹೆಸರು: ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲ ಪತ್ರಗಳೆಲ್ಲ ಮೈಸೂರು, ಮಂಡ್ಯ ಕಡೆಯವೇ. ಹೆಚ್ಚಿನವು ಫುಟ್‌ಬಾಲ್ ಕೋಚ್‌ಗಳಿಗೆ ಗೇಟ್‌ಪಾಸ್ ಕೊಡುವ ವಿಚಾರ. ಒಂದೇ ಥರದ ಪ್ರಶ್ನೆಗಳನ್ನು ಒಟ್ಟುಮಾಡಿ ಉತ್ತರಿಸಿದ್ದೇವೆ.

ಪ್ರಶ್ನೆ: ಇಂಗ್ಲೆಂಡಿನ ಲೆಸ್ಟರ್ ಸಿಟಿ ಕ್ಲಬ್ಬನ್ನು ಲೀಗ್ ಚಾಂಪಿಯನ್ ಮಾಡಿದ ಮ್ಯಾನೇಜರ್ (ಅಲ್ಲಿ ಕೋಚ್‌ಗೆ ಹಾಗೆನ್ನುತ್ತಾರೆ) ಕ್ಲಾಡಿಯೊ ರನಿಯೇರಿಯನ್ನು ಒಂಬತ್ತು ತಿಂಗಳಿಗೆ ಮನೆಗೆ ಕಳಿಸಿದರು. ಅನ್ಯಾಯ ಅಂತ ಎಲ್ಲರೂ ಬೈದರು. ಆದರೆ ಆಮೇಲೆ ಟೀಮು ಗೆಲ್ಲತೊಡಗಿತು. ಹಾಗಾದರೆ ಮ್ಯಾನೇಜರನ್ನು ತೆಗೆಯುವುದೇ ಮದ್ದು ಅಂತಾಯ್ತಲ್ಲವೇ?
(ಕಲ್ಲಹಳ್ಳಿ, ಮಂಡ್ಯ)

ಉತ್ತರ: ನೀವು ಹೇಳಿದ್ದು ನಿಜ. 2017ರ ಫೆಬ್ರವರಿ 23ರಂದು ರನಿಯೇರಿಯನ್ನು ತೆಗೆದಾಗ ಲೆಸ್ಟರ್ 25 ಪಂದ್ಯಗಳಿಂದ 21 ಪಾಯಿಂಟ್ ಗಳಿಸಿ 20 ಟೀಮುಗಳಲ್ಲಿ 17ನೇ ಸ್ಥಾನದಲ್ಲಿತ್ತು. ಆ ವರ್ಷ ಹುಟ್ಟಿದ ಮೇಲೆ ಲೀಗ್‌ನಲ್ಲಿ ಒಂದೇ ಒಂದು ಗೋಲು ಹೊಡೆದಿರಲಿಲ್ಲ. ಸಹಾಯಕನಾಗಿದ್ದ ಕ್ರೇಗ್ ಶೇಕ್ಸ್‌ಪಿಯರ್ ಕೈಗೆ ಟೀಮು ಕೊಟ್ಟರು. ಲಿವರ್‌ಪೂಲ್ ವಿರುದ್ಧ 3-1ರಿಂದ ಶುರುವಾಗಿ ಲೀಗ್‌ನಲ್ಲಿ ಸಾಲಾಗಿ ಐದು ಗೆಲುವು, ಕೊನೆಗೆ 12ನೇ ಸ್ಥಾನ. ಆದರೆ ಕಥೆಯನ್ನು ಅಲ್ಲಿಗೇ ನಿಲ್ಲಿಸಬೇಡಿ. ಅದೇ ಅಕ್ಟೋಬರ್‌ನಲ್ಲಿ ಟೀಮು 18ನೇ ಸ್ಥಾನಕ್ಕೆ ಇಳಿದಿತ್ತು, ಶೇಕ್ಸ್‌ಪಿಯರ್ ಅವರನ್ನೂ ತೆಗೆದರು.

ಮೇ ಕೊನೆಗೆ ಕೆಆರ್‌ಎಸ್ ತಳ ಕಾಣುತ್ತದೆ. ಆಗ ಕಟ್ಟೆಯ ಎಂಜಿನಿಯರನ್ನು ವರ್ಗ ಮಾಡಿ. ಕೊಡಗಿನಲ್ಲಿ ಮಳೆ ಹಿಡಿದು ಆಗಸ್ಟ್ ಹೊತ್ತಿಗೆ ನೀರು 124.80 ಅಡಿ ಮುಟ್ಟುತ್ತದೆ. ಹೊಸ ಎಂಜಿನಿಯರಿಗೆ ಹಾರ ಹಾಕಿ ಮೆರವಣಿಗೆ ಮಾಡುತ್ತೀರಾ? ಕ್ಲಬ್‌ಗಳು ಮಾಡುವುದು ಹೆಚ್ಚುಕಮ್ಮಿ ಇದನ್ನೇ. ಮ್ಯಾನೇಜರ್ ತಲೆದಂಡ ಆಗುವುದು ಟೀಮು ತೀರಾ ಕೆಳಗೆ ಬಿದ್ದಾಗ. ಅಷ್ಟು ಕೆಳಗೆ ಬಿದ್ದ ಟೀಮು ತನ್ನಷ್ಟಕ್ಕೆ ತಾನೇ ಸ್ವಲ್ಪ ಮೇಲೇಳುವುದು ಸಹಜ. ಗಾಯಗೊಂಡವರು ವಾಪಸ್ ಬರುತ್ತಾರೆ, ಕಂಬಕ್ಕೆ ಬಡಿಯುತ್ತಿದ್ದ ಚೆಂಡು ಬಲೆಗೆ ಬೀಳುತ್ತದೆ, ಕಷ್ಟದ ಎದುರಾಳಿಗಳ ಸಾಲು ಮುಗಿದಿರುತ್ತದೆ. ಬಾಸ್ ತೆರ್ ವೇಲ್ ಎಂಬ ಡಚ್ ಅರ್ಥಶಾಸ್ತ್ರಜ್ಞರು 1986ರಿಂದ 2004ರವರೆಗಿನ ಡಚ್ ಲೀಗನ್ನು ತೆಗೆದುಕೊಂಡು, ಮ್ಯಾನೇಜರನ್ನು ತೆಗೆದ ಕ್ಲಬ್‌ಗಳನ್ನು ಅಷ್ಟೇ ಕೆಳಗೆ ಬಿದ್ದರೂ ತೆಗೆಯದ ಕ್ಲಬ್‌ಗಳ ಜೊತೆ ಹೋಲಿಸಿ ನೋಡಿದರು. ಎರಡೂ ಗುಂಪು ಮೇಲೆದ್ದವು. ತೆಗೆದದ್ದರಿಂದ ಬಂದ ಲಾಭ ಅಂತ ಬೇರೆ ಕಾಣಲಿಲ್ಲ.

ಲೆಸ್ಟರ್ ಬಿದ್ದದ್ದಕ್ಕೆ ಕಾರಣ ಬೇರೆ ಕಡೆಯೂ ಇತ್ತು. ಚಾಂಪಿಯನ್ ಆದ ಬೇಸಿಗೆಯಲ್ಲೇ ಎನ್‌ಗೊಲೊ ಕಾಂಟೆಯನ್ನು ಚೆಲ್ಸಿಗೆ ಮಾರಿದ್ದರು. ಮೈದಾನದ ನಡುವೆ ಚೆಂಡು ಕಿತ್ತುಕೊಳ್ಳುತ್ತಿದ್ದ ಆಳು ಅವನು. ಮರುವರ್ಷ ಚೆಲ್ಸಿ ಚಾಂಪಿಯನ್! ಮಾರಿದ್ದು ಕ್ಲಬ್ಬು, ತಲೆ ಹೋಗಿದ್ದು ಮ್ಯಾನೇಜರದ್ದು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಅನ್ನುವುದು ಇದಕ್ಕೇ.

ಮತ್ತೆ ಕ್ಲಬ್‌ಗಳು ಯಾಕೆ ಹೀಗೆ ಮಾಡುತ್ತವೆ? ಮೂರ್ಖರು ಅಂತಲ್ಲ. ಆಟಗಾರರನ್ನು ಕೊಳ್ಳುವ ಮಾರುವ ಬಾಗಿಲು ತೆರೆಯುವುದು ವರ್ಷಕ್ಕೆ ಎರಡೇ ಸಲ. 25 ಜನರ ಒಪ್ಪಂದ ಮುರಿಯಲು ಆಗದು, ಒಬ್ಬನದು ಮುರಿಯಬಹುದು. ಇಂಗ್ಲೆಂಡಿನ ಮೊದಲ ದರ್ಜೆಯ ಪ್ರೀಮಿಯರ್ ಲೀಗ್‌ನಿಂದ ಕೆಳಗಿನ ದರ್ಜೆಗೆ ಇಳಿದರೆ ಆಗುವ ನಷ್ಟದ ಮುಂದೆ ಮ್ಯಾನೇಜರ್‌ಗೆ ಕೊಡುವ ಪರಿಹಾರ ಪುಡಿಗಾಸು. ಜೊತೆಗೆ, ಗ್ಯಾಲರಿಯಲ್ಲಿ ಕೂಗುವವರಿಗೆ ಏನೋ ಮಾಡಿದೆವು ಅಂತ ತೋರಿಸಬೇಕು. ಪ್ರಶಸ್ತಿ ಗೆದ್ದರೂ ರಕ್ಷಣೆ ಇಲ್ಲ. ಡಿ ಮಟೆಯೊ 2012ರ ಮೇ ತಿಂಗಳಲ್ಲಿ ಚೆಲ್ಸಿಗೆ ಚಾಂಪಿಯನ್ಸ್ ಲೀಗ್ ಗೆದ್ದುಕೊಟ್ಟರು, ನವೆಂಬರ್‌ಗೆ ಹೊರಗೆ. ಆಂಜ್ ಪೋಸ್ಟೆಕೊಗ್ಲು 2025ರ ಮೇ 21ರಂದು ಟಾಟನ್‌ಹ್ಯಾಮ್‌ಗೆ ಯೂರೋಪ ಲೀಗ್ ತಂದರು, ಜೂನ್ 6ಕ್ಕೆ ಹೊರಗೆ. ಲೀಗ್‌ನಲ್ಲಿ 17ನೇ ಸ್ಥಾನ ಬಂದಿತ್ತು ಅನ್ನುವುದೂ ನಿಜ, ಅದನ್ನು ಮುಚ್ಚಿಡುವ ಹಾಗಿಲ್ಲ. ಸೆಪ್ಟೆಂಬರ್‌ನಲ್ಲಿ ನಾಟಿಂಗ್‌ಹ್ಯಾಮ್ ಫಾರೆಸ್ಟ್ ಸೇರಿದ ಅವರು ಅಲ್ಲಿ ಉಳಿದದ್ದು 39 ದಿನ.

‘ಮ್ಯಾನೇಜರ್ ಫರ್ಗುಸನ್‌ಗೆ ಕಾಲಾವಕಾಶ ಕೊಟ್ಟಿದ್ದಕ್ಕಲ್ಲವೇ ಮ್ಯಾಂಚೆಸ್ಟರ್ ಯುನೈಟೆಡ್ ಬೆಳೆದದ್ದು’ ಅಂತ ಇದೇ ವಿಷಯಕ್ಕೆ ಬರೆದ ಇನ್ನಿಬ್ಬರು ಕೇಳಿದ್ದಾರೆ. 1986ರ ನವೆಂಬರ್‌ನಲ್ಲಿ ಬಂದವರಿಗೆ ಮೊದಲ ಕಪ್ ಸಿಕ್ಕಿದ್ದು 1990ರಲ್ಲಿ, ಮೊದಲ ಲೀಗ್ 1993ರಲ್ಲಿ, ಹೌದು. ಆದರೆ ಕಾಲಾವಕಾಶ ಸಿಕ್ಕಿಯೂ ಏನೂ ಮಾಡದವರ ಹೆಸರು ಯಾರಿಗೂ ನೆನಪಿರುವುದಿಲ್ಲ. ಕಾಯುವುದೂ ಸರ್ವರೋಗದ ಮಾತ್ರೆಯಲ್ಲ. ಸೋಲಿನ ಎಣಿಕೆಗಿಂತ ಸೋಲಿನ ಬಗೆ ನೋಡಬೇಕು. ಅದು ಹೇಗೆ ಅನ್ನುವುದು ಮುಂದಿನ ಉತ್ತರದಲ್ಲಿದೆ.

ಪ್ರಶ್ನೆ: ನಮ್ಮದು ತಾಲ್ಲೂಕು ಮಟ್ಟದ ಕ್ಲಬ್ಬು. ನಾಲ್ಕು ಮ್ಯಾಚು ಸೋತದ್ದಕ್ಕೆ ಕಮಿಟಿಯವರು ಕೋಚ್‌ಗೆ ವಾಟ್ಸ್ಯಾಪ್ ಗುಂಪಿನಲ್ಲೇ ‘ನಾಳೆಯಿಂದ ಬರಬೇಡಿ’ ಅಂದರು. ಎರಡು ತಿಂಗಳ ಸಂಬಳವೂ ಬಾಕಿ. ಕಮಿಟಿಯಲ್ಲಿ ನಾನೂ ಇದ್ದೇನೆ, ನಾಚಿಕೆಯಾಗುತ್ತಿದೆ. ಸರಿಯಾಗಿ ಮಾಡುವುದು ಹೇಗೆ?
(ಮದ್ದೂರು)

ಉತ್ತರ: ಮೊದಲು ಬಾಕಿ ಕೊಡಿ. ಕೋಚ್ ಒಳ್ಳೆಯವರೋ ಕೆಟ್ಟವರೋ, ದುಡಿದ ದಿನದ ಕೂಲಿಗೂ ಅದಕ್ಕೂ ಸಂಬಂಧವಿಲ್ಲ.

ಮುಂದಿನ ಕೋಚ್ ಬರುವ ದಿನವೇ ಒಂದು ಹಾಳೆ ಒಪ್ಪಂದ ಮಾಡಿ, ಇಬ್ಬರೂ ಸಹಿ ಹಾಕಿ, ಒಂದೊಂದು ಪ್ರತಿ ಇಟ್ಟುಕೊಳ್ಳಿ. ಯಾವ ತಾರೀಖಿನಿಂದ ಯಾವ ತಾರೀಖಿನವರೆಗೆ, ತಿಂಗಳಿಗೆ ಎಷ್ಟು, ಎಷ್ಟನೇ ತಾರೀಖಿಗೆ, ವಾರಕ್ಕೆ ಎಷ್ಟು ದಿನ ತರಬೇತಿ, ಆಡುವ ಹನ್ನೊಂದು ಜನರನ್ನು ಆರಿಸುವವರು ಯಾರು, ಯಾವ ಕಡೆಯವರು ಬಿಟ್ಟರೂ ಎಷ್ಟು ದಿನದ ನೋಟಿಸು, ನೋಟಿಸು ಕೊಡದಿದ್ದರೆ ಎಷ್ಟು ಹಣ. ಈ ಕೊನೆಯದರಲ್ಲಿ ಸಿಟ್ಟಿಗೆ ಲಕ್ಷಗಟ್ಟಲೆ ದಂಡ ಬರೆಯಬೇಡಿ. 1872ರ ಭಾರತೀಯ ಕರಾರು ಕಾಯ್ದೆಯ 74ನೇ ಕಲಮಿನ ಪ್ರಕಾರ ಬರೆದ ಮೊತ್ತ ಗರಿಷ್ಠ ಮಿತಿಯಷ್ಟೇ. ಅದರೊಳಗೆ ನ್ಯಾಯವಾದದ್ದನ್ನು ಮಾತ್ರ ಕೋರ್ಟು ಕೊಡಿಸುತ್ತದೆ. ‘ಹನ್ನೊಂದು ಜನರನ್ನು ಆರಿಸುವವರು ಯಾರು’ ಎಂಬ ಸಾಲನ್ನು ಬಹಳ ಕ್ಲಬ್‌ಗಳು ಬಿಡುತ್ತವೆ. ದುಡ್ಡು ಹಾಕಿದ ಸದಸ್ಯರ ಮಗ ಆಡಿ, ಸೋಲು ಕೋಚ್ ತಲೆಗೆ ಬರುವುದು ಅಲ್ಲಿಂದಲೇ.

ಇನ್ನು ಸೋಲನ್ನು ಅಳೆಯುವ ಬಗೆ. ನೂರು ಪುಟದ ಒಂದು ನೋಟ್‌ಬುಕ್ ಸಾಕು. ಪ್ರತಿ ಮ್ಯಾಚಿಗೆ ಇಷ್ಟು ಬರೆದುಕೊಳ್ಳಿ: ಎದುರಾಳಿ ಆಗ ಪಟ್ಟಿಯಲ್ಲಿ ಎಲ್ಲಿತ್ತು, ನಮ್ಮ ಕಡೆ ಯಾರು ಗೈರು, ಪೆನಾಲ್ಟಿ ಬಾಕ್ಸ್ ಒಳಗಿನಿಂದ ನಾವು ಹೊಡೆದ ಶಾಟು ಎಷ್ಟು, ಅವರು ಎಷ್ಟು, ನಮಗೆ ಬಿದ್ದ ಗೋಲುಗಳಲ್ಲಿ ಕಾರ್ನರ್, ಫ್ರೀಕಿಕ್‌ನಿಂದ ಬಂದವು ಯಾವುವು, 70ನೇ ನಿಮಿಷದ ನಂತರ ಬಿದ್ದವು ಯಾವುವು. ಎಂಟು-ಹತ್ತು ಮ್ಯಾಚಾದ ಮೇಲೆ ಓದಿ. ಬಾಕ್ಸ್ ಒಳಗಿನ ಶಾಟು ಎರಡೂ ಕಡೆ ಸಮ ಇದ್ದು ಸೋಲುತ್ತಿದ್ದರೆ ಅದು ಬಹುಪಾಲು ಅದೃಷ್ಟ, ಇಲ್ಲವೇ ಗುರಿ ತಪ್ಪುವ ಫಾರ್ವರ್ಡ್ ಆಟಗಾರ. ತಾಳ್ಮೆ ಇರಲಿ. ಕಾರ್ನರ್‌ನಲ್ಲಿ ಗೋಲು ಬೀಳುತ್ತಿದ್ದರೆ ಎರಡು ವಾರ ಅಭ್ಯಾಸಕ್ಕೆ ಅದನ್ನೇ ಇಟ್ಟರೆ ಸುಧಾರಿಸುತ್ತದೆ, ಕೋಚ್‌ಗೆ ಹೇಳಿ ನೋಡಿ. 70 ನಿಮಿಷ ದಾಟಿದ ಮೇಲೆ ಕುಸಿಯುತ್ತಿದ್ದರೆ ದಮ್ಮು ಸಾಲದು ಅಥವಾ ಬದಲಿ ಆಟಗಾರರನ್ನು ತಡವಾಗಿ ಇಳಿಸುತ್ತಿದ್ದಾರೆ, ಇದು ನೇರ ಕೋಚ್‌ನ ಹೊಣೆ. ‘ಯಾರು ಗೈರು’ ಅನ್ನುವ ಕಾಲಂ ತುಂಬಿದ್ದರೆ ಕನ್ನಡಿಯಲ್ಲಿ ಕಮಿಟಿಯ ಮುಖವೇ ಕಾಣುತ್ತದೆ. ಶೂ, ಬಸ್ ಚಾರ್ಜು ಕೊಡದಿದ್ದರೆ ಹುಡುಗರು ಬರುವುದಾದರೂ ಹೇಗೆ?

ಅಷ್ಟಾದರೂ ತೆಗೆಯಲೇಬೇಕೆಂದರೆ ಆ ನೋಟ್‌ಬುಕ್ ಮುಂದಿಟ್ಟು ಮುಖತಃ ಮಾತಾಡಿ, ಯಾವುದು ಸರಿಯಾಗಬೇಕು ಅಂತ ಕಾಗದದಲ್ಲಿ ಕೊಡಿ, ನಾಲ್ಕೈದು ಮ್ಯಾಚು ನೋಡಿ. ನಿರ್ಧಾರವನ್ನು ಆಟಗಾರರಿಗಿಂತ ಮೊದಲು ಕೋಚ್‌ಗೆ ಇಬ್ಬರು ಹೋಗಿ ತಿಳಿಸಬೇಕು. ಗುಂಪಿಗೆ ಹಾಕುವ ಮೆಸೇಜಿನಲ್ಲಿ ಕಾರಣ ವಿವರಿಸಲು ಹೋಗಬೇಡಿ. ಅವರಿಗೆ ಮುಂದಿನ ಊರಿನಲ್ಲಿ ಕೆಲಸ ಸಿಗಬೇಕು.

ದೊಡ್ಡವರೂ ಇಲ್ಲಿ ಎಡವಿದ್ದಾರೆ. ರಾಷ್ಟ್ರೀಯ ತಂಡದ ಕೋಚ್ ಇಗೊರ್ ಸ್ಟಿಮಾಕ್ ಅವರ ಒಪ್ಪಂದ 2026ರ ಜೂನ್‌ವರೆಗೆ ಇತ್ತು. ವಿಶ್ವಕಪ್ ಅರ್ಹತಾ ಸುತ್ತಿನಲ್ಲಿ ಭಾರತ ಹೊರಬಿದ್ದ ಮೇಲೆ 2024ರ ಜೂನ್ 17ರಂದು ತೆಗೆದರು. ಉಳಿದ ಎರಡು ವರ್ಷದ ಹಣದ ಜಗಳ ಬೆನ್ನಿಗೇ ಬಂತು.

ಪ್ರಶ್ನೆ: ನನ್ನ ಮಗ, 17 ವರ್ಷ, ಫಾರ್ವರ್ಡ್ ಆಡುತ್ತಾನೆ. ಒಂದು ಟೂರ್ನಿಯಲ್ಲಿ ಬೇಕಂತಲೇ ಬಿದ್ದ ಅಂತ ಹಳದಿ ಕಾರ್ಡ್ ತೋರಿಸಿದರು. ಅಂದಿನಿಂದ ‘ನಾಟಕದವನು’ ಅಂತ ಹೆಸರು ಬಿದ್ದಿದೆ. ಈಗ ನಿಜವಾಗಿ ಕಾಲು ಕೊಟ್ಟು ಬೀಳಿಸಿದರೂ ಫೌಲ್ ಕೊಡುವುದಿಲ್ಲ. ಮ್ಯಾಚಿಗೆ ಮೊದಲು ಕೋಚ್ ಹೋಗಿ ರೆಫ್ರಿಗೆ ಹೇಳಿದರೆ ಒಳ್ಳೆಯದಾ?
(ಕುವೆಂಪುನಗರ, ಮೈಸೂರು)

ಉತ್ತರ: ಬೇಡವೇ ಬೇಡ, ಅಮ್ಮಾ. ಹೇಳಿದರೆ ಆ ಹೆಸರು ಗೊತ್ತಿಲ್ಲದ ರೆಫ್ರಿಗೂ ಗೊತ್ತಾಗುತ್ತದೆ. 2002ರಲ್ಲಿ ಪ್ರಕಟವಾದ ಒಂದು ಇಂಗ್ಲಿಷ್ ಪ್ರಯೋಗದಲ್ಲಿ 38 ರೆಫ್ರಿಗಳಿಗೆ ಅದೇ 50 ಘಟನೆಗಳ ವಿಡಿಯೊ ತೋರಿಸಿದರು. ಕೆಲವರಿಗೆ ಮಾತ್ರ ‘ಈ ಟೀಮು ಒರಟು ಆಟಕ್ಕೆ ಹೆಸರುವಾಸಿ’ ಅಂತ ಮೊದಲೇ ಕಿವಿಗೆ ಹಾಕಿದ್ದರು. ಅವರು ಆ ಟೀಮಿಗೆ ಹಳದಿ, ಕೆಂಪು ಕಾರ್ಡ್‌ಗಳನ್ನು ಹೆಚ್ಚು ಕೊಟ್ಟರು. ನೋಡಿದ್ದು ಅದೇ ವಿಡಿಯೊ! ರೆಫ್ರಿಗಳು ಕೆಟ್ಟವರು ಅಂತಲ್ಲ, ಅರ್ಧ ಸೆಕೆಂಡಿನಲ್ಲಿ ತೀರ್ಮಾನ ಮಾಡುವವರ ಕಣ್ಣಿಗೆ ಕಿವಿ ಸಹಾಯ ಮಾಡುತ್ತದೆ.

ಮಗ ಬೀಳುವ ರೀತಿಯನ್ನು ಫೋನಿನಲ್ಲಿ ವಿಡಿಯೊ ಮಾಡಿ. ಗೋಲಿನ ಹಿಂದೆ ನಿಲ್ಲಬೇಡಿ, ಅಲ್ಲಿಂದ ಕಾಲಿಗೆ ಕಾಲು ತಾಗಿತೋ ಇಲ್ಲವೋ ತಿಳಿಯುವುದಿಲ್ಲ. ಮೈದಾನದ ಪಕ್ಕದಿಂದ, ಪೆನಾಲ್ಟಿ ಬಾಕ್ಸ್ ಗೆರೆಯ ನೇರಕ್ಕೆ, ಎರಡು-ಮೂರು ಮೆಟ್ಟಿಲು ಎತ್ತರದಲ್ಲಿ ನಿಲ್ಲಿ. ನಿಜವಾಗಿ ಎಡವಿದವನ ಕೈ ತಾನಾಗಿ ನೆಲಕ್ಕೆ ಚಾಚುತ್ತದೆ, ಮುಖ ಮುಂದಕ್ಕೆ ಹೋಗುತ್ತದೆ. ನಾಟಕದ ಬೀಳುವಿಕೆಯಲ್ಲಿ ಎದೆ ಮುಂದೆ, ತಲೆ ಹಿಂದೆ, ಎರಡೂ ಕೈ ಮೇಲೆ, ಮೊಣಕಾಲಿನಿಂದ ಕೆಳಗೆ ಎರಡೂ ಕಾಲು ಹಿಂದಕ್ಕೆ ಮಡಚಿ, ಮೈ ಬಾಗಿದ ಬಿಲ್ಲಿನ ಹಾಗಾಗುತ್ತದೆ. ಇಂಗ್ಲೆಂಡಿನ ಸಂಶೋಧಕರು ಇದನ್ನು ಗುರುತಿಸಿದ್ದಾರೆ. ಹಾಗೆ ಬೀಳುವ ಅಭ್ಯಾಸ ನಿಮ್ಮ ಹುಡುಗನಿಗೆ ಇದ್ದರೆ, ತಾಗಿದಾಗಲೂ ಹಾಗೇ ಬೀಳುತ್ತಾನೆ, ಅದೇ ತೊಂದರೆ. ವಿಡಿಯೊ ನಿಧಾನವಾಗಿ ಓಡಿಸಿ ಅವನಿಗೇ ತೋರಿಸಿ.

ಬಿದ್ದ ಮೇಲೆ ಕೈ ಎತ್ತಿ ಕಾರ್ಡ್ ಕೇಳುವುದು ನಿಲ್ಲಬೇಕು. ಎದ್ದು ಚೆಂಡಿನ ಹಿಂದೆ ಓಡಲಿ, ಮಾತಾಡುವುದಿದ್ದರೆ ಕ್ಯಾಪ್ಟನ್ ಮಾತಾಡಲಿ. 12ನೇ ನಿಯಮದಂತೆ ನಟನೆಗೆ ಹಳದಿ ಕಾರ್ಡ್, ಅದೇ ಎರಡನೆಯದಾದರೆ ಕೆಂಪು. ಟೀವಿ ಕ್ಯಾಮೆರಾ ಇರುವ ಕಡೆ ಆಮೇಲೂ ಶಿಕ್ಷೆ ಉಂಟು. 2017ರ ನವೆಂಬರ್‌ನಲ್ಲಿ ಎವರ್ಟನ್‌ನ ಊಮರ್ ನಿಯಾಸ್ ಹೀಗೆ ಪೆನಾಲ್ಟಿ ಗಿಟ್ಟಿಸಿ ಎರಡು ಪಂದ್ಯ ಹೊರಗುಳಿದರು.

ಕೆಟ್ಟ ಹೆಸರು ಹೊತ್ತೇ ಆಡಲು ಸಾಧ್ಯವಾ ಅಂತ ಮಗ ಕೇಳಿದರೆ ಲಿವರ್‌ಪೂಲ್‌ನಲ್ಲಿದ್ದ ಲೂಯಿಸ್ ಸುವಾರೆಸ್ ಲೆಕ್ಕ ಹೇಳಿ. ಎದುರಾಳಿಯನ್ನು ಕಚ್ಚಿದ್ದಕ್ಕೆ 10 ಪಂದ್ಯಗಳ ನಿಷೇಧ ಮುಗಿಸಿ ಬಂದ 2013-14ರ ಲೀಗ್‌ನಲ್ಲಿ ಅವರು 33 ಪಂದ್ಯಗಳಲ್ಲಿ 31 ಗೋಲು ಹೊಡೆದರು, ಒಂದೂ ಪೆನಾಲ್ಟಿಯದಲ್ಲ. ಅದಾದ ಮೇಲೆ ವಿಶ್ವಕಪ್‌ನಲ್ಲಿ ಮತ್ತೆ ಕಚ್ಚಿದರು ಅನ್ನುವುದನ್ನು ಬೇಕಾದರೆ ಬಿಟ್ಟುಬಿಡಿ.

ಪ್ರಶ್ನೆ: 1994ರ ವಿಶ್ವಕಪ್ ಫೈನಲ್‌ನಲ್ಲಿ ಇಟಲಿ ಬ್ರೆಜಿಲ್‌ಗೆ ಸೋತದ್ದು ಬ್ಯಾಜಿಯೊ ಪೆನಾಲ್ಟಿ ಆಕಾಶಕ್ಕೆ ಹೊಡೆದದ್ದರಿಂದ ತಾನೇ?
(ಶ್ರೀರಂಗಪಟ್ಟಣ)

ಉತ್ತರ: ಇಟಲಿಯ ಬರೇಸಿ ಮೊದಲೇ ಆಕಾಶಕ್ಕೆ ಹೊಡೆದಿದ್ದರು, ಮಸ್ಸಾರೊ ಹೊಡೆದದ್ದನ್ನು ಬ್ರೆಜಿಲ್ ಗೋಲಿ ಟಫರೆಲ್ ತಡೆದಿದ್ದರು. ಬ್ಯಾಜಿಯೊ ಗೋಲು ಹೊಡೆದಿದ್ದರೂ 3-3 ಆಗುತ್ತಿತ್ತು, ಬ್ರೆಜಿಲ್ ಕೈಯಲ್ಲಿ ಇನ್ನೂ ಒಂದು ಕಿಕ್ ಇತ್ತು. ನಾಕೌಟ್‌ನಲ್ಲಿ ಫೈನಲ್‌ವರೆಗೆ ಇಟಲಿ ಹೊಡೆದ ಆರು ಗೋಲಿನಲ್ಲಿ ಐದು ಬ್ಯಾಜಿಯೊ ಅವರವೇ. ಕೊನೆಯ ಚಿತ್ರ ಮಾತ್ರ ಜನಕ್ಕೆ ನೆನಪು.

ಪ್ರಶ್ನೆ: ಕಂಠೀರವದಲ್ಲಿ ಕೇರಳ ಬ್ಲಾಸ್ಟರ್ಸ್ ವಿರುದ್ಧ ಬೆಂಗಳೂರು ಎಫ್‌ಸಿಯ ಸುನಿಲ್ ಚೆಟ್ರಿ ಹೊಡೆದ ಆ ಫ್ರೀಕಿಕ್ ಮೋಸ ಅಲ್ಲವಾ? ನಮ್ಮ ರೂಮಿನಲ್ಲಿ ಇಂದಿಗೂ ಜಗಳ.
(ಮಾನಸಗಂಗೋತ್ರಿ ಹಾಸ್ಟೆಲ್, ಮೈಸೂರು)

ಉತ್ತರ: 2023ರ ಮಾರ್ಚ್ 3, 96ನೇ ನಿಮಿಷ. ಎದುರಾಳಿಗಳು ಸಾಲಾಗಿ ನಿಂತು ಗೋಡೆ ಕಟ್ಟುವ ಮೊದಲೇ ಚೆಟ್ರಿ ಹೊಡೆದರು, ಗೋಲಾಯಿತು. ಫ್ರೀಕಿಕ್‌ಗೆ ಸೀಟಿ ಕಾಯಲೇಬೇಕು ಅನ್ನುವ ನಿಯಮವಿಲ್ಲ. ರೆಫ್ರಿ ‘ತಡೆ, ಸೀಟಿ ಊದುತ್ತೇನೆ’ ಅಂದಿದ್ದರೆ ಮಾತ್ರ ಕಾಯಬೇಕು. ಜಗಳ ಇರುವುದು ಆ ಒಂದು ಅಂಶದ ಮೇಲೆ. ಬ್ಲಾಸ್ಟರ್ಸ್ ಕೋಚ್ ಇವಾನ್ ವುಕೊಮನೊವಿಚ್ ಟೀಮನ್ನು ಮೈದಾನದಿಂದ ಹೊರಗೆ ಕರೆದೊಯ್ದದ್ದು ಮಾತ್ರ ತಪ್ಪೇ. ಕ್ಲಬ್‌ಗೆ 4 ಕೋಟಿ ದಂಡ, ಅವರಿಗೆ 10 ಪಂದ್ಯ ನಿಷೇಧ ಮತ್ತು 5 ಲಕ್ಷ ದಂಡ ಬಿತ್ತು. ಆಡಿ ಮುಗಿಸಿ ಆಮೇಲೆ ದೂರು ಕೊಟ್ಟಿದ್ದರೆ ದೂರಿಗೂ ತೂಕ ಇರುತ್ತಿತ್ತು.

ಪ್ರಶ್ನೆ: ಬೇರೆ ರಾಜ್ಯದ ಕ್ಲಬ್ಬಿನಲ್ಲಿ ಆಡುತ್ತಿರುವ ತಮ್ಮನಿಗೆ ಮೂರು ತಿಂಗಳಿಂದ ಸಂಬಳವಿಲ್ಲ. ಈಗ ಟೀಮಿನಿಂದ ಬೇರೆ ಮಾಡಿ ಒಬ್ಬನನ್ನೇ ಮೈದಾನ ಸುತ್ತಿಸುತ್ತಿದ್ದಾರಂತೆ. ಬಿಟ್ಟು ಬರಲಾ ಅಂತ ಕೇಳುತ್ತಾನೆ.
(ವಿದ್ಯಾರಣ್ಯಪುರಂ, ಮೈಸೂರು)

ಉತ್ತರ: ಸಿಟ್ಟಿನಲ್ಲಿ ಗಂಟುಮೂಟೆ ಕಟ್ಟಿದರೆ ಒಪ್ಪಂದ ಮುರಿದವನು ಅವನೇ ಆಗುತ್ತಾನೆ. ಫಿಫಾ ನಿಯಮದ ದಾರಿ ಇದು: ಎರಡು ತಿಂಗಳ ಸಂಬಳ ಬಾಕಿ ಇದ್ದರೆ ಕ್ಲಬ್‌ಗೆ ಲಿಖಿತ ನೋಟಿಸು ಕೊಟ್ಟು, ಕೊಡಲು ಕನಿಷ್ಠ 15 ದಿನ ಗಡುವು ಇಡಬೇಕು. ಅದಾದರೂ ಕೊಡದಿದ್ದರೆ ಒಪ್ಪಂದ ಕಡಿದುಕೊಳ್ಳಲು ನ್ಯಾಯವಾದ ಕಾರಣ ಸಿಕ್ಕ ಹಾಗೆ. ಒಪ್ಪಂದ ತಾನಾಗಿ ಬಿಡಲಿ ಅಂತ ಕಿರುಕುಳ ಕೊಡುವುದೂ ಅದೇ ನಿಯಮದಲ್ಲಿ ತಪ್ಪು. ಒಬ್ಬನನ್ನೇ ಓಡಿಸುವುದು ಆ ಲೆಕ್ಕಕ್ಕೆ ಬರಬಹುದು. ಆದರೆ ಗಾಯದ ನಂತರದ ವ್ಯಾಯಾಮ ಅಂತ ಕ್ಲಬ್ಬು ವಾದಿಸೀತು, ಆದ್ದರಿಂದ ತಾರೀಖು, ಹೊತ್ತು, ಹೇಳಿದವರ ಹೆಸರು ಅಂದಂದೇ ಬರೆದಿಡಲಿ. ಅಭ್ಯಾಸಕ್ಕೆ ಒಂದು ದಿನವೂ ತಪ್ಪಿಸಬಾರದು. ಆಟಗಾರನೂ ಕ್ಲಬ್ಬೂ ಭಾರತದವರೇ ಆದ್ದರಿಂದ ದೂರು ಹೋಗುವುದು ಫಿಫಾಗಲ್ಲ, ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ನಿನ ಆಟಗಾರರ ಸ್ಥಾನಮಾನ ಸಮಿತಿಗೆ. ಒಪ್ಪಂದದ ಪ್ರತಿ, ಬ್ಯಾಂಕ್ ಸ್ಟೇಟ್‌ಮೆಂಟ್, ನೋಟಿಸು ಇ-ಮೇಲ್ ಮಾಡಿದ ದಾಖಲೆ ಮೂರೂ ಬೇಕು. ಫೋನಿನಲ್ಲಿ ‘ಮುಂದಿನ ವಾರ ಹಾಕ್ತೀವಿ’ ಅಂದರೆ, ಅದನ್ನು ಅವತ್ತೇ ಅವರ ಇ-ಮೇಲ್‌ಗೆ ‘ನೀವು ಹೀಗೆ ಹೇಳಿದಿರಿ’ ಅಂತ ಬರೆದು ಕಳಿಸಲಿ.