ಕರೆಂಟ್ ಹೋದರೂ ಉಳಿಯುವ ರೆಕಾರ್ಡಿಂಗ್: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಾನು ಶಿರಸಿಯ ಪ್ರೌಢಶಾಲೆಯೊಂದರಲ್ಲಿ ಗಣಿತ ಶಿಕ್ಷಕಿ. ಹತ್ತನೆಯ ತರಗತಿಯ ಮಕ್ಕಳಿಗಾಗಿ ಮನೆಯ ಕಂಪ್ಯೂಟರಿನಲ್ಲಿ ಒಬಿಎಸ್ ಸ್ಟುಡಿಯೊ ಎಂಬ ಪರದೆ ರೆಕಾರ್ಡಿಂಗ್ ತಂತ್ರಾಂಶ ಬಳಸಿ ಪಾಠಗಳನ್ನು ರೆಕಾರ್ಡ್ ಮಾಡುತ್ತೇನೆ. ಕಳೆದ ವಾರ ತ್ರಿಭುಜಗಳ ಪಾಠ ಐವತ್ತು ನಿಮಿಷ ಸಾಗಿ ಇನ್ನೇನು ಮುಗಿಯಬೇಕು ಎನ್ನುವಾಗ ಗಾಳಿಮಳೆಗೆ ಕರೆಂಟ್ ಹೋಯಿತು. ಎಂಪಿ4 ಫೈಲ್ ಡಿಸ್ಕಿನಲ್ಲಿದೆ, ಗಾತ್ರ 400 ಎಂಬಿ ಎಂದು ತೋರಿಸುತ್ತದೆ, ಆದರೆ ಯಾವ ಪ್ಲೇಯರಿನಲ್ಲೂ ತೆರೆಯುವುದಿಲ್ಲ. ಪಾಠ ಹೋಯಿತೆಂದೇ ತಿಳಿಯಬೇಕೆ? ಮುಂದೆ ಯಾವ ಫಾರ್ಮ್ಯಾಟ್ ಆರಿಸಿಕೊಳ್ಳಲಿ?

ಉತ್ತರ: ಆ ಫೈಲನ್ನು ದಯವಿಟ್ಟು ಅಳಿಸಬೇಡಿ. ತಮ್ಮ ಪಾಠದ ಬಹುಭಾಗ ಅದರೊಳಗೆ ಇದ್ದೇ ಇದೆ. ಸಾಮಾನ್ಯ ಎಂಪಿ4 ಫೈಲಿನಲ್ಲಿ ಯಾವ ಫ್ರೇಮ್ ಎಲ್ಲಿದೆ, ಯಾವ ಧ್ವನಿ ಯಾವ ಕ್ಷಣದ್ದು ಎಂಬುದನ್ನು ಹೇಳುವ ಒಂದು ಸೂಚಿ ಇರುತ್ತದೆ. ತಾವು ರೆಕಾರ್ಡಿಂಗ್ ನಿಲ್ಲಿಸುವ ಗುಂಡಿ ಒತ್ತಿದ ಮೇಲೆಯೇ ತಂತ್ರಾಂಶವು ಆ ಸೂಚಿಯನ್ನು ಬರೆದು ಫೈಲನ್ನು ಮುಗಿಸುತ್ತದೆ. ಅದಕ್ಕೆ ಮೊದಲೇ ವಿದ್ಯುತ್ ಕಡಿತಗೊಂಡರೆ ದೃಶ್ಯ, ಧ್ವನಿಗಳ ದತ್ತಾಂಶ ಡಿಸ್ಕಿನಲ್ಲಿ ಉಳಿದರೂ ಅದನ್ನು ಬಿಡಿಸಿ ಓದುವ ದಾರಿ ಪ್ಲೇಯರಿಗೆ ಸಿಗುವುದಿಲ್ಲ. ಮೊದಲು ಫೈಲಿನ ಒಂದು ಪ್ರತಿಯನ್ನು ಬೇರೆಡೆ ಇಟ್ಟುಕೊಳ್ಳಿ. ಅನಂತರ ಅದೇ ಕಂಪ್ಯೂಟರಿನಲ್ಲಿ, ಅದೇ ಸೆಟ್ಟಿಂಗುಗಳಲ್ಲಿ, ಒಂದೆರಡು ನಿಮಿಷದ ಹೊಸ ರೆಕಾರ್ಡಿಂಗ್ ಮಾಡಿ ಸರಿಯಾಗಿ ಮುಗಿಸಿ. ಅನ್‌ಟ್ರಂಕ್ ಎಂಬ ಉಚಿತ ತಂತ್ರಾಂಶವು ಈ ಸುಸ್ಥಿತಿಯ ಫೈಲನ್ನು ಮಾದರಿಯಾಗಿ ನೋಡಿಕೊಂಡು, ಕೆಟ್ಟ ಫೈಲಿಗೆ ಸೂಚಿಯನ್ನು ಮತ್ತೆ ಕಟ್ಟಿಕೊಡಲು ಯತ್ನಿಸುತ್ತದೆ. ಪ್ರತಿ ಸಲವೂ ಫಲಿಸುತ್ತದೆ ಎಂಬ ಭರವಸೆಯನ್ನು ನಾನು ಕೊಡಲಾರೆ, ಆದರೆ ಐವತ್ತು ನಿಮಿಷದ ಶ್ರಮಕ್ಕಾಗಿ ಪ್ರಯತ್ನಿಸುವುದು ಖಂಡಿತ ಯೋಗ್ಯ.

ಮುಂದಿನ ಆಯ್ಕೆಯ ಮಾತಿಗೆ ಬರೋಣ. ಶಿರಸಿಯವರಾದ ತಮಗೆ ಅಡಿಕೆ ಚೀಲದ ಹೋಲಿಕೆ ಸುಲಭವಾಗಿ ಹಿಡಿಯುತ್ತದೆ. ಒಂದೇ ಬಗೆಯ ಚೀಲದಲ್ಲಿ ಚಾಲಿಯನ್ನೂ ತುಂಬಬಹುದು, ಕೆಂಪಡಿಕೆಯನ್ನೂ ತುಂಬಬಹುದು. ಎಂಪಿ4, ಎಂಕೆವಿ, ಎಂಒವಿ ಇವೆಲ್ಲ ಚೀಲಗಳು, ಒಳಗಿರುವ ಎಚ್.264 ಅಥವಾ ಎವಿ1 ಎಂಬ ಸಂಕುಚನ ವಿಧಾನವೇ ಅಡಿಕೆ. ಎಂಕೆವಿ ಚೀಲವನ್ನು ತುಂಬುತ್ತ ಹೋದಂತೆ ಓದಲು ಬೇಕಾದ ಮಾಹಿತಿಯೂ ಜೊತೆಜೊತೆಗೇ ಸೇರುತ್ತ ಹೋಗುವುದರಿಂದ, ನಡುವೆ ಕರೆಂಟ್ ಹೋದರೆ ಸಾಮಾನ್ಯವಾಗಿ ನಷ್ಟವಾಗುವುದು ಕೊನೆಯ ಕೆಲವು ಸೆಕೆಂಡುಗಳು ಮಾತ್ರ. ಆದ್ದರಿಂದ ಸೆಟ್ಟಿಂಗ್ಸ್‌ನ ಔಟ್‌ಪುಟ್ ವಿಭಾಗದಲ್ಲಿ ರೆಕಾರ್ಡಿಂಗ್ ಫಾರ್ಮ್ಯಾಟನ್ನು ಎಂಕೆವಿ ಎಂದು ಬದಲಿಸಿಕೊಳ್ಳಿ. ಮಕ್ಕಳ ಮೊಬೈಲಿಗೆ ಎಂಪಿ4 ಬೇಕಾದಾಗ ಫೈಲ್ ಮೆನುವಿನ ರಿಮಕ್ಸ್ ರೆಕಾರ್ಡಿಂಗ್ಸ್ ಆಯ್ಕೆಯನ್ನು ಬಳಸಿ. ಅದು ಚೀಲವನ್ನಷ್ಟೇ ಬದಲಿಸುತ್ತದೆ, ಒಳಗಿನ ಚಿತ್ರವನ್ನು ಮತ್ತೆ ಸಂಕುಚಿಸುವುದಿಲ್ಲ. ಹಾಗಾಗಿ ಗುಣಮಟ್ಟ ಕುಂದುವುದಿಲ್ಲ, ಕೆಲಸವೂ ಬೇಗನೆ ಮುಗಿಯುತ್ತದೆ. 2024ರಲ್ಲಿ ಬಂದ 30.2ನೆಯ ಆವೃತ್ತಿಯಿಂದ ಹೈಬ್ರಿಡ್ ಎಂಪಿ4 ಎಂಬ ಇನ್ನೊಂದು ಆಯ್ಕೆಯೂ ಒಬಿಎಸ್‌ನಲ್ಲಿದೆ. ಅದು ರೆಕಾರ್ಡಿಂಗ್ ನಡೆಯುತ್ತಿರುವಾಗ ತುಣುಕು ತುಣುಕಾಗಿ ಬರೆಯುತ್ತ, ಕೊನೆಗೆ ಸಾಮಾನ್ಯ ಎಂಪಿ4 ಆಗಿ ಮುಗಿಸುತ್ತದೆ. ತಮ್ಮ ಆವೃತ್ತಿ ಹಳೆಯದಾಗಿದ್ದರೆ ಎಂಕೆವಿಯೇ ಸಾಕು. ಮಲೆನಾಡಿನ ಮಳೆಗಾಲದಲ್ಲಿ ಒಂದು ಸಣ್ಣ ಯುಪಿಎಸ್ ಇಟ್ಟುಕೊಳ್ಳುವುದೂ ಒಳ್ಳೆಯದು.

ಪ್ರಶ್ನೆ: ಕಾರವಾರದ ಕಚೇರಿಯೊಂದರಲ್ಲಿ ಹೊಸ ಸಿಬ್ಬಂದಿಗೆ ಎಕ್ಸೆಲ್ ಕಲಿಸುವ ವಿಡಿಯೊ ತಯಾರಿಸಿದ್ದೇನೆ. ಇಪ್ಪತ್ತು ನಿಮಿಷಕ್ಕೆ 2 ಜಿಬಿ ಆಗಿದೆ. ಚಿಕ್ಕದು ಮಾಡಲು ಹೋದರೆ ಅಕ್ಷರಗಳು, ಅದರಲ್ಲೂ ಕೆಂಪು ಬಣ್ಣದ ಅಂಕಿಗಳು, ಮಸುಕಾಗುತ್ತವೆ. ಏನು ಮಾಡಲಿ?

ಉತ್ತರ: ತಮ್ಮ ಲೆಕ್ಕದಲ್ಲಿ ಸೆಕೆಂಡಿಗೆ ಸುಮಾರು 13 ಮೆಗಾಬಿಟ್ ಖರ್ಚಾಗಿದೆ. ವೇಗದ ಆಟಗಳಿಗೆ ಸರಿಹೊಂದುವ ಈ ಪ್ರಮಾಣ ಎಕ್ಸೆಲ್ ಹಾಳೆಗೆ ಬೇಕಿಲ್ಲ. ಸಂಕುಚಿಸದೆ ಇಟ್ಟರೆ 1920×1080ರ ಪರದೆಯ ಒಂದೊಂದು ಫ್ರೇಮ್ ಸುಮಾರು 6.2 ಎಂಬಿ ಆಗುತ್ತದೆ, ಸೆಕೆಂಡಿಗೆ 30 ಫ್ರೇಮ್ ಎಂದರೆ 186 ಎಂಬಿ. ಎಚ್.264 ಅದನ್ನು ಇಷ್ಟು ಕುಗ್ಗಿಸಲು ಮುಖ್ಯ ಕಾರಣ, ಒಂದು ಫ್ರೇಮಿನಿಂದ ಇನ್ನೊಂದಕ್ಕೆ ಬದಲಾದ ಭಾಗವನ್ನಷ್ಟೇ ಬರೆದಿಡುವ ಅದರ ಕ್ರಮ. ಎಕ್ಸೆಲ್ ಹಾಳೆಯಲ್ಲಿ ಬಹುಪಾಲು ಸಮಯ ಅಲುಗುವುದು ಮೌಸಿನ ಬಾಣ ಒಂದೇ. ಹೀಗಿರುವಾಗ ಬಿಟ್‌ರೇಟನ್ನು, ಅಂದರೆ ಸೆಕೆಂಡಿಗೆ ಖರ್ಚಾಗುವ ಬಿಟ್‌ಗಳ ಪ್ರಮಾಣವನ್ನು, ಒಂದೇ ಸಂಖ್ಯೆಗೆ ಕಟ್ಟಿಹಾಕುವ ಸಿಬಿಆರ್ ವಿಧಾನವನ್ನು ಬಿಟ್ಟು, ಗುಣಮಟ್ಟವನ್ನು ಒಂದೇ ಮಟ್ಟದಲ್ಲಿಟ್ಟು ಬೇಕಾದಷ್ಟೇ ಬಿಟ್ ಬಳಸುವ ಸಿಆರ್‌ಎಫ್ ಆರಿಸಿ, ಅದರ ಮೌಲ್ಯವನ್ನು 20ರಿಂದ 23ರ ನಡುವೆ ಇಡಿ; ಸಂಖ್ಯೆ ಕಡಿಮೆಯಾದಷ್ಟೂ ಗುಣಮಟ್ಟ ಹೆಚ್ಚು. ಫ್ರೇಮ್‌ಗಳನ್ನು ಸೆಕೆಂಡಿಗೆ 15ಕ್ಕೆ ಇಳಿಸಿದರೂ ಕಲಿಯುವವರಿಗೆ ತೊಂದರೆಯಾಗದು. ಸರಾಸರಿ 1.5 ಮೆಗಾಬಿಟ್ಟಿಗೆ ಬಂದರೆ ಅದೇ ಇಪ್ಪತ್ತು ನಿಮಿಷ 225 ಎಂಬಿಯಲ್ಲಿ ಮುಗಿಯುತ್ತದೆ.

ಮಸುಕಿಗೆ ಎರಡು ಕಾರಣಗಳಿರಬಹುದು. ಲ್ಯಾಪ್‌ಟಾಪಿನ ಪರದೆ 1366×768 ಆಗಿದ್ದು ರೆಕಾರ್ಡಿಂಗನ್ನು 1920×1080ಕ್ಕೆ ಹಿಗ್ಗಿಸಿದ್ದರೆ ಪ್ರತಿ ಅಕ್ಷರದ ಅಂಚೂ ಕಲಸಿಹೋಗುತ್ತದೆ. ಆದ್ದರಿಂದ ಎರಡೂ ಅಳತೆಗಳು ಒಂದೇ ಆಗಿರಲಿ. ಕೆಂಪು ಅಂಕಿಗಳ ಕಥೆ ಬೇರೆ. ಸಾಮಾನ್ಯ ವಿಡಿಯೊದಲ್ಲಿ ಬೆಳಕಿನ ಪ್ರಮಾಣವನ್ನು ಪ್ರತಿ ಪಿಕ್ಸೆಲಿಗೂ ಬರೆದಿಟ್ಟರೂ ಬಣ್ಣವನ್ನು ನಾಲ್ಕು ಪಿಕ್ಸೆಲಿಗೆ ಒಂದರಂತೆ ಮಾತ್ರ ಬರೆಯುತ್ತಾರೆ. ಇದಕ್ಕೆ 4:2:0 ಎಂದು ಹೆಸರು. ಮುಖ, ಮರ, ಸಮುದ್ರ ತೋರಿಸುವಾಗ ಕಣ್ಣಿಗೆ ಇದು ಗೊತ್ತೇ ಆಗುವುದಿಲ್ಲ, ಬಣ್ಣದ ತೆಳು ಅಕ್ಷರಗಳಲ್ಲಿ ಗೊತ್ತಾಗುತ್ತದೆ. 4:4:4 ಎಂಬ ಆಯ್ಕೆ ಇದ್ದರೂ ಅನೇಕ ಮೊಬೈಲುಗಳು ಅದನ್ನು ನುಡಿಸಲಾರವು, ಆದ್ದರಿಂದ ಹಂಚಬೇಕಾದ ವಿಡಿಯೊಗೆ ನಾನು ಅದನ್ನು ಸೂಚಿಸುವುದಿಲ್ಲ. ಎಕ್ಸೆಲ್ ಹಾಳೆಯ ಝೂಮನ್ನು 130 ಪ್ರತಿಶತಕ್ಕೆ ಏರಿಸಿ, ಅಂಕಿಗಳನ್ನು ಕಪ್ಪು ಮಾಡಿ, ಕೋಶದ ಹಿನ್ನೆಲೆಗೆ ತಿಳಿ ಬಣ್ಣ ಕೊಡಿ.

ಪ್ರಶ್ನೆ: ಅಂಕೋಲೆಯ ಕಾಲೇಜು ವಿದ್ಯಾರ್ಥಿ ನಾನು. ಒಬಿಎಸ್‌ನಲ್ಲಿ ಇಡೀ ಪರದೆಯನ್ನು ಸೆರೆಹಿಡಿಯುವ ಡಿಸ್‌ಪ್ಲೇ ಕ್ಯಾಪ್ಚರ್ ಆರಿಸಿದರೆ ಬರಿ ಕಪ್ಪು ಪರದೆ ಬರುತ್ತದೆ.

ಉತ್ತರ: ನಿಮ್ಮ ಲ್ಯಾಪ್‌ಟಾಪಿನಲ್ಲಿ ಎರಡು ಗ್ರಾಫಿಕ್ಸ್ ಚಿಪ್‌ಗಳಿದ್ದು, ಪರದೆಯನ್ನು ಒಂದು ನಡೆಸುತ್ತಿರುವಾಗ ಒಬಿಎಸ್ ಇನ್ನೊಂದರಲ್ಲಿ ಓಡುತ್ತಿರಬಹುದು. ವಿಂಡೋಸ್‌ನ ಗ್ರಾಫಿಕ್ಸ್ ಸೆಟ್ಟಿಂಗ್ಸ್‌ನಲ್ಲಿ ಒಬಿಎಸ್‌ಗೆ ಪವರ್ ಸೇವಿಂಗ್ ಆರಿಸಿ ನೋಡಿ. ಒಂದೇ ತಂತ್ರಾಂಶವನ್ನು ತೋರಿಸುವುದಿದ್ದರೆ ವಿಂಡೋ ಕ್ಯಾಪ್ಚರ್ ಉತ್ತಮ. ನಡುವೆ ಬರುವ ವಾಟ್ಸಾಪ್ ಸಂದೇಶಗಳು ಅದರಲ್ಲಿ ಮೂಡುವುದಿಲ್ಲ.

ಪ್ರಶ್ನೆ: ಹೊನ್ನಾವರದ ಕಡೆಯ ಯಕ್ಷಗಾನ ಹಿಮ್ಮೇಳದ ಕಲಾವಿದ ನಾನು. ವಿಡಿಯೊ ಕರೆಯಲ್ಲಿ ಭಾಗವತಿಕೆ ಕಲಿಸುತ್ತ ಅದನ್ನು ರೆಕಾರ್ಡ್ ಮಾಡಿದರೆ ನನ್ನ ಪದ್ಯ ಕೇಳುತ್ತದೆ, ಮದ್ದಳೆ ಮತ್ತು ಚಂಡೆ ಕಡಿದು ಕಡಿದು ಕೇಳುತ್ತವೆ. ಮೈಕ್ ಹೊಸದು.

ಉತ್ತರ: ತಮ್ಮ ಮೈಕಿನಲ್ಲಿ ದೋಷವಿರಲಾರದು. ವಿಡಿಯೊ ಕರೆಯ ತಂತ್ರಾಂಶಗಳಲ್ಲಿ ಗದ್ದಲವನ್ನು ಅಳಿಸುವ ವ್ಯವಸ್ಥೆ ಇರುತ್ತದೆ. ಮನುಷ್ಯರ ಮಾತನ್ನು ಉಳಿಸಿ ಮಿಕ್ಕುದನ್ನು ತಗ್ಗಿಸುವುದೇ ಅದರ ಕೆಲಸವಾದ್ದರಿಂದ ಚಂಡೆಯ ಪೆಟ್ಟು ಅದಕ್ಕೆ ಗದ್ದಲವಾಗಿಯೇ ತೋರುತ್ತದೆ. ಝೂಮ್ ಬಳಸುವುದಿದ್ದರೆ ಆಡಿಯೊ ಸೆಟ್ಟಿಂಗ್ಸ್‌ನಲ್ಲಿ ಸಂಗೀತಗಾರರಿಗಾಗಿ ಇರುವ ಒರಿಜಿನಲ್ ಸೌಂಡ್ ಆಯ್ಕೆಯನ್ನು ಚಾಲೂ ಮಾಡಿ. ಒಬಿಎಸ್‌ನಲ್ಲಿ ಮೈಕಿಗೆ ನಾಯ್ಸ್ ಸಪ್ರೆಷನ್ ಫಿಲ್ಟರ್ ಹಾಕಿದ್ದರೆ ಅದನ್ನೂ ತೆಗೆದುಬಿಡಿ. ಹಿಮ್ಮೇಳವಿಲ್ಲದ ಪದ್ಯವನ್ನು ಕೇಳಿಸಿ ತಾಳ ಕಲಿಸುವುದು ಕಷ್ಟ ಎಂಬ ತಮ್ಮ ಸಂಕಟ ನನಗೆ ಅರ್ಥವಾಗುತ್ತದೆ.

ಇನ್ನೊಂದು ಕೆಲಸವನ್ನೂ ಮಾಡಿ. ಒಬಿಎಸ್ ಆರು ಧ್ವನಿ ಟ್ರ್ಯಾಕುಗಳವರೆಗೆ ಬೇರೆ ಬೇರೆಯಾಗಿ ಬರೆಯಬಲ್ಲದು. ಮೊದಲನೆಯ ಟ್ರ್ಯಾಕಿನಲ್ಲಿ ಎಲ್ಲ ಧ್ವನಿಗಳೂ ಕೂಡಿರಲಿ, ಏಕೆಂದರೆ ಹೆಚ್ಚಿನ ಪ್ಲೇಯರುಗಳು ತಾವಾಗಿ ನುಡಿಸುವುದು ಅದನ್ನೇ; ಎರಡನೆಯದರಲ್ಲಿ ತಮ್ಮ ಮೈಕ್, ಮೂರನೆಯದರಲ್ಲಿ ಕರೆಯಿಂದ ಬರುವ ಶಿಷ್ಯರ ಧ್ವನಿ ಇರಲಿ. ಆಗ ಶಿಷ್ಯರ ಮನೆಯ ಸದ್ದು ನಡುವೆ ನುಸುಳಿದರೂ ತಮ್ಮ ಪದ್ಯಕ್ಕೆ ಧಕ್ಕೆಯಾಗದಂತೆ ಮೂರನೆಯ ಟ್ರ್ಯಾಕನ್ನು ತಗ್ಗಿಸಿಕೊಳ್ಳಬಹುದು. ಎಎಸಿ ಎಂಬ ವಿಧಾನದಲ್ಲಿ ಸಂಕುಚಿಸಿದ ಧ್ವನಿಯ ಬಿಟ್‌ರೇಟನ್ನು ಸೆಕೆಂಡಿಗೆ 192 ಕಿಲೋಬಿಟ್ಟಿಗಿಂತ ಕೆಳಗೆ ಇಳಿಸಬೇಡಿ, ಮತ್ತು ರೆಕಾರ್ಡ್ ಮಾಡುತ್ತಿರುವುದನ್ನು ತರಗತಿಯ ಆರಂಭದಲ್ಲೇ ಶಿಷ್ಯರಿಗೆ ತಿಳಿಸಿ ಅವರ ಒಪ್ಪಿಗೆ ಪಡೆಯಿರಿ.