ಜಲಾಂತರ್ಗಾಮಿಯಲ್ಲಿ ಬೊಂಬೆ ಮೀನೇ ಏಕೆ?

ಮುಲುಂಡಿನಿಂದ ಬರೆದಿದ್ದೀರಿ: ಮೊಮ್ಮಕ್ಕಳ ಜೊತೆ ಕ್ಯಾಲಿಫೋರ್ನಿಯದ ಡಿಸ್ನಿಲ್ಯಾಂಡಿನಲ್ಲಿ ಜಲಾಂತರ್ಗಾಮಿ ಹತ್ತಿದಿರಿ, ಕಿಟಕಿಯಾಚೆ ಕಂಡದ್ದೆಲ್ಲ ಬೊಂಬೆ. ನಿಜವಾದ ಮೀನು ಬಿಟ್ಟರೆ ಏನು ಅಡ್ಡಿ, ಸಮುದ್ರ ಮಗ್ಗುಲಲ್ಲೇ ಇರುವ ಮುಂಬೈಯಲ್ಲಿ ಅಂಥದ್ದು ಆಗದೇ ಎಂದು ಕೇಳಿದ್ದೀರಿ.

ಆ ದೋಣಿ ಮುಳುಗುವುದೇ ಇಲ್ಲ. 1959ರಿಂದಲೂ ಅದರ ಮೇಲ್ಭಾಗ ನೀರಿನ ಮೇಲೆಯೇ ಇದೆ. ನಿಮ್ಮನ್ನು ನೀರಿನ ಮಟ್ಟಕ್ಕಿಂತ ಕೆಳಗೆ ಕೂರಿಸಿ, ಕಿಟಕಿಯೆದುರು ಗಾಳಿಗುಳ್ಳೆ ಹರಿಸುತ್ತಾರೆ, ಇಳಿದಂತೆ ಅನಿಸುತ್ತದೆ. ತೊಡಕಿರುವುದು ದೋಣಿಯಲ್ಲಲ್ಲ, ನೀರಿನಲ್ಲಿ. ಆ ಕೊಳದ್ದು ಕ್ಲೋರಿನ್ ಹಾಕಿದ ಸಿಹಿನೀರು. ಈಜುಕೊಳದಲ್ಲಿ ಲೀಟರಿಗೆ 1ರಿಂದ 3 ಮಿಲಿಗ್ರಾಂ ಕ್ಲೋರಿನ್ ಇರುತ್ತದೆ. ಅದರ ಹತ್ತರಲ್ಲೊಂದು ಪಾಲೂ ಮೀನಿನ ಕಿವಿರು ಸುಡಲು ಸಾಕು. ಕ್ಲೋರಿನ್ ಬಿಟ್ಟಿರೋ, ಬಿಸಿಲಿಗೆ ಪಾಚಿ ಹಬ್ಬಿ ಕಿಟಕಿ ಹಸಿರಾಗುತ್ತದೆ. ದೋಣಿ ಓಡುವುದು ನೀರಡಿಯ ಹಳಿಯ ಮೇಲೆ. ಅದರ ಗಾಲಿಗೆ ಹಿತ್ತಾಳೆ ಬುಷ್ (ಅಚ್ಚಿನ ಸುತ್ತಲಿನ ಬಳೆ) ಇದ್ದರೆ, ಅದು ಸವೆದು ಹಿತ್ತಾಳೆಯಲ್ಲಿನ ತಾಮ್ರ ನೀರಿಗಿಳಿಯುತ್ತದೆ. ಮೀನು ಸ್ವಲ್ಪ ತಡೆದೀತು, ಸೀಗಡಿ ತಡೆಯದು. ಗ್ರೀಸು, ಮೋಟಾರಿನ ಸದ್ದು ಬೇರೆ.

ಫ್ಲಾರಿಡಾದಲ್ಲಿರುವ ಡಿಸ್ನಿಯದೇ ಇನ್ನೊಂದು ಪಾರ್ಕು ಎಪ್ಕಾಟ್‌ನವರು 1986ರಲ್ಲೇ ಸರಿಯಾದ ದಾರಿ ಹಿಡಿದರು: ಗಾಡಿ ಒಣ ಜಾಗದಲ್ಲಿ, ಮೀನು ಅಕ್ರಿಲಿಕ್ (ಗಾಜಿನಂಥ ಪಾರದರ್ಶಕ ಪ್ಲಾಸ್ಟಿಕ್) ಗೋಡೆಯಾಚೆ. ಅಲ್ಲಿನ ತೊಟ್ಟಿ ಸುಮಾರು 2.16 ಕೋಟಿ ಲೀಟರಿನದು. ಸಮುದ್ರದ ನೀರಿನಲ್ಲಿ ಲೀಟರಿಗೆ 35 ಗ್ರಾಂ ಲವಣ. ಆ ಲೆಕ್ಕಕ್ಕೆ 750 ಟನ್ನಿಗೂ ಮಿಗಿಲು. ಅಡುಗೆ ಉಪ್ಪು ಸುರಿದರೆ ಆಗದು, ಮೆಗ್ನೀಸಿಯಂ, ಕ್ಯಾಲ್ಸಿಯಂ ಎಲ್ಲ ಬೇಕು. ಮೀನಿನ ಹೊಲಸಿನಿಂದ ಅಮೋನಿಯಾ ಹುಟ್ಟುತ್ತದೆ, ಅದನ್ನು ಅರಗಿಸುವ ಬ್ಯಾಕ್ಟೀರಿಯಾ ಫಿಲ್ಟರಿನಲ್ಲಿ ನೆಲೆಯೂರಲು 4ರಿಂದ 6 ವಾರ ಬೇಕು. ಉದ್ಘಾಟನೆಯ ಆತುರಕ್ಕೆ ಅಷ್ಟು ಕಾಯದೆ ಮೀನು ಬಿಡುವುದೇ ಹೊಸ ತೊಟ್ಟಿಗಳಲ್ಲಿ ಸಾವಿಗೆ ಮಾಮೂಲಿ ಕಾರಣ.

ಮುಂಬೈ ಸಮುದ್ರದಿಂದಲೇ ನೀರೆತ್ತಬಹುದು, ಆದರೆ ಹಾಗೇ ತುಂಬುವಂತಿಲ್ಲ. ದೊಡ್ಡ ಭರತದಲ್ಲಿ ಏರಿಳಿತ 5 ಮೀಟರಿನ ಹತ್ತಿರ ಹೋಗುತ್ತದೆ, ಖಾಡಿಯ ಕೆಸರೆಲ್ಲ ಕದಡುತ್ತದೆ. ಮಳೆಗಾಲದಲ್ಲಿ ಉಪ್ಪಿನಂಶ ಇಳಿಯುತ್ತದೆ. ತಂಗಿಸಿ, ಮರಳಿನಲ್ಲಿ ಸೋಸಿ, ಯುವಿ ದೀಪದಡಿ ಹಾಯಿಸಿದ ಮೇಲೆ ಲವಣ ಸರಿದೂಗಿಸಬೇಕು. ಮರೀನ್ ಡ್ರೈವಿನ ತಾರಾಪೋರ್‌ವಾಲಾ ಮತ್ಸ್ಯಾಲಯದಲ್ಲಿ 2015ರ ನವೀಕರಣದ ವೇಳೆ ಅಕ್ರಿಲಿಕ್ ಸುರಂಗ ಹಾಕಿದ್ದರು. ಅಂಥ ಗೋಡೆಯ ಪಕ್ಕ ನಿಧಾನ ಸರಿಯುವ ಗಾಡಿ ಓಡಿಸುವುದು ಆಗದ ಮಾತಲ್ಲ.

ಡಾಲ್ಫಿನ್ ಮಾತ್ರ ಕೇಳಬೇಡಿ, ಅವುಗಳ ಪ್ರದರ್ಶನಕೇಂದ್ರಗಳಿಗೆ ಕೇಂದ್ರ ಮೃಗಾಲಯ ಪ್ರಾಧಿಕಾರ 2013ರಲ್ಲೇ ತಡೆಹಾಕಿದೆ. ಹವಳ, ಕಡಲಕುದುರೆಗಳೂ ವನ್ಯಜೀವಿ ಕಾಯ್ದೆಯ ರಕ್ಷಣೆಯಲ್ಲಿವೆ.

ಯಾರಾದರೂ ಇಂಥ ಯೋಜನೆಯ ಬಣ್ಣದ ಚಿತ್ರ ತೋರಿಸಿದರೆ ನಕ್ಷೆಯಲ್ಲಿ ಎರಡು ಜಾಗ ಹುಡುಕಿ. ಹೊಸ ಮೀನನ್ನು ತಿಂಗಳಾದರೂ ಪ್ರತ್ಯೇಕವಾಗಿಡುವ ತೊಟ್ಟಿ ಒಂದು. ಇನ್ನೊಂದು ಜನರೇಟರ್ ಕೋಣೆ: 29 ಡಿಗ್ರಿಯ ಉಪ್ಪುನೀರು ಲೀಟರಿಗೆ 6 ಮಿಲಿಗ್ರಾಂ ಚಿಲ್ಲರೆ ಆಮ್ಲಜನಕವನ್ನಷ್ಟೇ ಹಿಡಿಯುವುದರಿಂದ, ಕರೆಂಟು ಹೋದಾಗ ಮೊದಲ ಸಂಪರ್ಕ ದೀಪಕ್ಕಲ್ಲ, ಗಾಳಿ ಪಂಪಿಗೆ ಇರಬೇಕು.

– ಸಂ.